ಕಾಲು ಮಡಚಿ ಕೂರುವ ಕುರ್ಚಿ

ನಮ್ಮ ಕಡೆಯ ಜನಕ್ಕೆ ಕುರ್ಚಿಯಲ್ಲಿ ಕೂರಲು ಬರುವುದಿಲ್ಲ. ನಂಬಿಕೆ ಇಲ್ಲದಿದ್ದರೆ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಗಾಡಿ ತಡವಾದ ದಿನ ಹೋಗಿ ನೋಡಿ. ಬೆಂಚಿನ ಮೇಲೆ ಕೂತವರು ಮೊದಲು ಚಪ್ಪಲಿ ಕಳಚುತ್ತಾರೆ. ಆಮೇಲೆ ಒಂದು ಕಾಲು ಮೇಲೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಮದುವೆ ಮನೆಯಲ್ಲೂ ಅಷ್ಟೇ, ತಹಸೀಲ್ ಕಚೇರಿಯ ಜಗಲಿಯಲ್ಲೂ ಅಷ್ಟೇ. ಪ್ಲಾಸ್ಟಿಕ್ ಕುರ್ಚಿಯ ಎರಡು ತೋಳುಗಳ ನಡುವೆ ತೊಡೆ ಸಿಕ್ಕಿಸಿಕೊಂಡು, ಸೀರೆ ಸರಿಮಾಡಿಕೊಳ್ಳುತ್ತ ಒದ್ದಾಡುವ ಹೆಂಗಸರನ್ನು ನೋಡಿ ನಾನು ಬೇಕಾದಷ್ಟು ನಕ್ಕಿದ್ದೇನೆ. ನನ್ನ ನಗೆಯಲ್ಲಿ ಪ್ರೀತಿ ಕಮ್ಮಿ ಎಂದು ಅವ್ವ ಯಾವಾಗಲೂ ಹೇಳುತ್ತಾಳೆ. ಅವಳು ಹೇಳುವುದು ನಿಜ.

ವಸ್ತುಗಳ ನಕ್ಷೆ ಬರೆಯುವುದು ನನ್ನ ಕಸುಬು. ಹೈದರಾಬಾದಿನಲ್ಲಿ ಅದನ್ನೇ ಓದಿದೆ, ಅಲ್ಲಿಯೇ ಪೀಠೋಪಕರಣ ಮಾಡುವವರ ಹತ್ತಿರ ಕೆಲಸಕ್ಕಿದ್ದೆ. ಆಮೇಲೆ ಶಹಾಬಾದಿನ ಮನೆತನವೊಂದಕ್ಕೆ ನನ್ನನ್ನು ಕೊಟ್ಟರು. ಆ ಮನೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆದರೆ ಮಸಿಗೆ ಅವಮಾನ. ಅಲ್ಲಿಂದ ಎದ್ದು ಸೇಡಂನ ತವರಿಗೆ ಬಂದೆ. ಅಪ್ಪ ಆಗಲೇ ಇರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ಮತ್ತು ವೈನಿ, ಅಂದರೆ ಅಣ್ಣನ ಹೆಂಡತಿ. ಗಂಡನನ್ನು ಬಿಟ್ಟು ಬಂದ ತಂಗಿಯನ್ನು ಅಣ್ಣ ಒಂದು ದಿನವೂ ಬೈಯಲಿಲ್ಲ. ಊಟಕ್ಕೆ ಕೂತಾಗ ಮಾತ್ರ, ಇನ್ನೊಂದು ರೊಟ್ಟಿ ಹಾಕಿಕೋ, ಇದು ನಿನ್ನ ಮನೆಯೇ ಅಲ್ಲವೇ ಎಂದು ಬಂದವರ ಮುಂದೆ ಗಟ್ಟಿಯಾಗಿ ಹೇಳುತ್ತಿದ್ದ. ಅಷ್ಟು ಹೇಳಿದರೆ ಯಾರ ಗಂಟಲಲ್ಲಿ ರೊಟ್ಟಿ ಇಳಿಯುತ್ತದೆ?

ಪರಿಸರಕ್ಕೆ ಹೊರೆಯಾಗದ ದಿನಬಳಕೆಯ ಸಾಮಾನು ಮಾಡಬೇಕೆಂಬ ಹುಚ್ಚು ನನಗೆ ಹೈದರಾಬಾದಿನಲ್ಲೇ ಹಿಡಿದಿತ್ತು. ನಮ್ಮ ನೆಲದಲ್ಲಿ ಬಿಸಾಡುವ ಪದಾರ್ಥಗಳಿಗೆ ಬರವೇ? ಶಹಾಬಾದಿನಲ್ಲಿ ಕಲ್ಲು ಕೊಯ್ದ ಕೆಸರು ಚರಂಡಿಗೆ ಹರಿದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಚಿತ್ತಾಪುರದಿಂದ ಕಾಳಗಿಯವರೆಗೆ ತೊಗರಿ ರಾಶಿ ಮುಗಿದ ಮೇಲೆ ಹೊಲಹೊಲದಲ್ಲೂ ಕಟ್ಟಿಗೆಗೆ ಬೆಂಕಿ ಹಚ್ಚುತ್ತಾರೆ, ಬಸ್ಸಿನ ಕಿಟಕಿ ಮುಚ್ಚಿದರೂ ಹೊಗೆ ಒಳಗೆ ಬರುತ್ತದೆ. ನಾನು ಕಲ್ಲಿನ ಕೆಸರಿನಿಂದ ಹಾಲು ತಂಪಾಗಿಡುವ ಡಬ್ಬಿ ಮಾಡಿದೆ. ಜೋಳದ ದಂಟಿನಿಂದ ಚಪ್ಪಲಿ ಮಾಡಿದೆ. ತೊಗರಿ ಹೊಟ್ಟಿನ ತಟ್ಟೆ ಮಾಡಿದೆ. ಸ್ಪರ್ಧೆಗಳಿಗೆ ಚಿತ್ರ ಕಳಿಸಿದರೆ ಶಹಬ್ಬಾಸ್ ಎನ್ನುತ್ತಿದ್ದರು. ಮನೆಯಲ್ಲಿ ಚಪ್ಪಲಿಯ ಒಂದು ಜೊತೆಯನ್ನು ಎಮ್ಮೆ ತಿಂದಿತು. ತಟ್ಟೆಯಲ್ಲಿ ಬಿಸಿ ಸಾರು ಬಡಿಸಿದ ದಿನ ಅದು ವೈನಿಯ ತಮ್ಮನ ತೊಡೆಯ ಮೇಲೆ ಇಳಿಯಿತು. ಅವನು ಅಂಗಳದಲ್ಲಿ ಕುಣಿದದ್ದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಿಜ, ಆದರೆ ನನ್ನ ಗಿಡ ಆಗ ಇನ್ನೂ ಮದ್ದಾಗಿಯೂ ಇರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಕುರ್ಚಿ ಹುಟ್ಟಿದ್ದು ಅವ್ವನ ಸೊಂಟದಿಂದ. ಅವಳ ಬೆನ್ನಿನ ಎಲುಬು ಸರಿದು, ನೆಲಕ್ಕೆ ಕೂರಬಾರದು ಎಂದು ಡಾಕ್ಟರು ಹೇಳಿದರು. ಅಣ್ಣ ತನ್ನ ಅಂಗಡಿಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಕೊಟ್ಟ. ಅಣ್ಣನದು ಶಾಮಿಯಾನ ಮತ್ತು ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ. ಸೇಡಂನಿಂದ ಚಿತ್ತಾಪುರದವರೆಗೆ ಯಾರ ಮನೆಯ ಮದುವೆಯಾದರೂ ಜನ ಕೂರುವುದು ಅವನ ಕುರ್ಚಿಯ ಮೇಲೆ. ಆದರೆ ಅವ್ವ ಅದರ ಮೇಲೆ ಕಾಲು ಇಳಿಬಿಟ್ಟು ಕೂತರೆ ಸಂಜೆಯ ಹೊತ್ತಿಗೆ ಪಾದಗಳು ಊದಿ, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಕಾಲು ಮೇಲಿಟ್ಟುಕೊಳ್ಳೋಣವೆಂದರೆ ಜಾಗವಿಲ್ಲ. ನೆಲದಲ್ಲಿ ಕೂತೇ ಬೆಳೆದವಳು, ರೊಟ್ಟಿ ಬಡಿದದ್ದು, ಕಾಳು ಹಸನು ಮಾಡಿದ್ದು, ಪೂಜೆ ಮಾಡಿದ್ದು ಎಲ್ಲ ಕಾಲು ಮಡಚಿಯೇ. ಒಂದು ದಿನ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನು ಕೇಳಿದಳು.

"ಕುರ್ಚಿ ಮ್ಯಾಲ ಕುಂತರ ಕಾಲು ಬಾವು ಬರ್ತಾವ, ನೆಲಕ್ಕ ಕುಂತರ ಏಳಾಕ ಬರಂಗಿಲ್ಲ. ಅಷ್ಟು ಓದೀದಿ, ನಾ ಎಲ್ಲಿ ಕುಂದ್ರಲಿ ಹೇಳು."

ಆ ಪ್ರಶ್ನೆಗೆ ಉತ್ತರ ಹುಡುಕಲು ಒಂದು ತೊಗರಿ ಸುಗ್ಗಿ ಹೋಯಿತು. ಹೊಲದವರು ಸುಡಲು ಇಟ್ಟ ಕಟ್ಟಿಗೆಯನ್ನು ಹೊರೆಹೊರೆ ತಂದೆ. ಮನೆಯ ಹಿಂದೆ ಹಾಸುಗಲ್ಲಿನ ಗೋಡೆಯ, ತಗಡಿನ ಮಾಡಿನ ಒಂದು ಶೆಡ್ಡು ಖಾಲಿ ಬಿದ್ದಿತ್ತು. ಅಲ್ಲಿ ಕಟ್ಟಿಗೆಯನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಒಣಗಿಸಿ, ಹುಣಸೆ ಬೀಜದ ಅಂಟು ಹಾಕಿ ಒತ್ತಿ, ಪುಂಡಿ ನಾರಿನ ಹಗ್ಗದಿಂದ ಬಿಗಿದೆ. ಕಬ್ಬಿಣ ಮುಟ್ಟಿಸಬಾರದು ಎನ್ನುವುದು ನನ್ನ ಹಟ. ಎತ್ತರ ಕಮ್ಮಿ, ಅಗಲ ಹೆಚ್ಚು. ತೋಳುಗಳ ಬದಲು ಎರಡೂ ಪಕ್ಕಕ್ಕೆ ಗಿಡ್ಡ ಕಟಾಂಜನ, ಅಂದರೆ ತಗ್ಗಿನ ಅಡ್ಡಪಟ್ಟಿ, ಮಡಚಿದ ಮೊಳಕಾಲು ಅದರ ಮೇಲೆ ವಿಶ್ರಾಂತಿಗೆ ಕೂರಬೇಕು. ಬೆನ್ನು ಸ್ವಲ್ಪ ಹಿಂದಕ್ಕೆ. ಮೊದಲನೆಯದು ಸಿದ್ಧವಾದಾಗ ಪರೀಕ್ಷೆಗೆಂದು ವೈನಿಯನ್ನು ಕರೆದೆ. ವೈನಿ ಕೂತಳು, ಕುರ್ಚಿ ಮಲಗಿತು. ಅವಳು ಯುಗಾದಿ ಮುಗಿಯುವವರೆಗೆ ನನ್ನ ಜೊತೆ ಮಾತು ಬಿಟ್ಟಳು, ಮನೆಯಲ್ಲಿ ಅಷ್ಟು ಶಾಂತಿ ನಾನು ಹಿಂದೆಂದೂ ಕಂಡಿರಲಿಲ್ಲ.

ಮುಂದೆ ಮಾಡಿದ್ದು ಗಟ್ಟಿಯಾಗಿತ್ತು. ಅವ್ವ ಅದರ ಮೇಲೆ ಹಿಂದಕ್ಕೆ ಸರಿದು, ಒಂದು ಕಾಲು ಮಡಚಿ, ಆಮೇಲೆ ಇನ್ನೊಂದನ್ನು ಕೈಯಿಂದ ಎಳೆದುಕೊಂಡು ಕೂತಳು. ಮೊರ ತರಿಸಿ ತೊಡೆಯ ಮೇಲಿಟ್ಟುಕೊಂಡು ಬೇಳೆ ಹಸನು ಮಾಡತೊಡಗಿದಳು. ಮಧ್ಯಾಹ್ನ ಅಲ್ಲಿಯೇ ಉಂಡಳು, ಅಲ್ಲಿಯೇ ತೂಕಡಿಸಿದಳು, ಸಂಜೆ ಪಡಸಾಲೆಯಿಂದಲೇ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸಿದಳು. ಅವಳ ಪಾದ ಊದಿರಲಿಲ್ಲ. ನನ್ನ ಜೀವನದಲ್ಲಿ ಇಷ್ಟು ಸುಖವಾದದ್ದು ಇನ್ನೊಂದಿಲ್ಲ, ಇದನ್ನು ಮುಚ್ಚಿಡುವುದಿಲ್ಲ.

ಅಣ್ಣ ಬಂದು ಕುರ್ಚಿಯ ಸುತ್ತ ತಿರುಗಿದ, ಕಾಲಿನಿಂದ ಮೆಲ್ಲಗೆ ಒದ್ದು ನೋಡಿದ, ಅವ್ವ ಅದರ ಮೇಲೆ ಕೂತಿರುವಾಗಲೇ.

"ಅವ್ವ ಕುಂತಾಳ, ಆಕಿ ತಾಯಿ, ಕುಂದ್ರತಾಳ. ಊರ ಮಂದಿ ಕುಂತರ ಇದಕ್ಕ ಕುರ್ಚಿ ಅಂತಾರ, ಇಲ್ಲಂದ್ರ ಒಲಿ ಕಟಗಿ ಅಂತಾರ. ಲಗ್ನಸರಾಯಿ ಬರೂತನಕ ಶೆಡ್ಡು ನಿಂದು. ಅಷ್ಟರಾಗ ಯಾರೂ ಕುಂದ್ರಲಿಲ್ಲ ಅಂದ್ರ ಶಹಾಬಾದಿನವರನ್ನ ಕರಸತೀನಿ, ಬಂದು ನಿನ್ನ ಕರಕೊಂಡು ಹೋಗಲಿ."

ಲಗ್ನಸರಾಯಿ ಎಂದರೆ ಮದುವೆಗಳ ಹಂಗಾಮು. ಆಗ ಅವನ ಹೊಸ ಪ್ಲಾಸ್ಟಿಕ್ ಕುರ್ಚಿಗಳ ಲಾರಿ ಬರುತ್ತದೆ, ಇಡಲು ಜಾಗ ಬೇಕು. ಅವನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ, ಚಹಾ ಕುಡಿಯುತ್ತ ಹೇಳಿದ. ಶಹಾಬಾದಿನ ಆ ಮನೆಯಲ್ಲಿ ನನಗೆ ಏನಾಗಿತ್ತು ಎಂದು ಅವನಿಗೆ ಗೊತ್ತಿತ್ತು. ನನ್ನ ಕೈಯ ಮೇಲಿನ ಸುಟ್ಟ ಕಲೆಯನ್ನು ಅವನೇ ಮೊದಲು ನೋಡಿದವನು.

ಅಂದಿನಿಂದ ನಾನು ಜನರನ್ನು ಕೂರಿಸುವ ಕೆಲಸಕ್ಕೆ ಹೊರಟೆ. ಮಳಖೇಡದ ಸಂತೆಗೆ ಕುರ್ಚಿ ಒಯ್ದೆ. ಜನ ಸುತ್ತ ನೆರೆದರು, ಮುಟ್ಟಿದರು, ಮೂಸಿ ನೋಡಿದರು, ಹುಣಸೆ ವಾಸನೆ ಎಂದರು. ಕೂರಿ ಎಂದರೆ ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು. ಕೋಡ್ಲಾ ಕಡೆ ಸಿಮೆಂಟ್ ಕಾರ್ಖಾನೆಯ ನೌಕರರ ಮನೆಗಳಿಗೆ ಹೋದೆ. ಒಬ್ಬಾಕೆ ಮೆಚ್ಚಿ, ನಾಯಿಗೆ ಚೆನ್ನಾಗಿರುತ್ತದೆ, ಒಂದು ಕೊಡಿ ಎಂದಳು. ನಾಯಿಗೆ ಕೊಡುವುದಿಲ್ಲ ಎಂದು ಬಂದೆ. ಆಮೇಲೆ ಯೋಚಿಸಿದರೆ ಆ ನಾಯಿಯಾದರೂ ಕೂರುತ್ತಿತ್ತು.

ಕೊನೆಗೆ ಚಿಂಚೋಳಿ ರಸ್ತೆಯ ಒಂದು ಸಣ್ಣ ಶಾಲೆಯ ಮುಖ್ಯೋಪಾಧ್ಯಾಯಿನಿ ಮನಸ್ಸು ಮಾಡಿದರು. ಅವರು ನಮ್ಮ ಓಣಿಯವರೇ, ಬೆಳಗ್ಗೆ ಶಾಲೆಗೆ ಹೋಗುವಾಗ ಅವ್ವ ಕುರ್ಚಿಯ ಮೇಲೆ ರಾಣಿಯಂತೆ ಕೂತಿರುವುದನ್ನು ದಿನವೂ ನೋಡುತ್ತಿದ್ದರು. ಚಿಕ್ಕ ಮಕ್ಕಳು ಬೆಂಚಿನಿಂದ ಬೀಳುತ್ತವೆ, ನೆಲದಲ್ಲಿ ಕೂತರೆ ಚಳಿಗಾಲದಲ್ಲಿ ಕಲ್ಲು ತಣ್ಣಗೆ ಕೊರೆಯುತ್ತದೆ, ಇದೇ ತರಹದ್ದು ಚಿಕ್ಕವು ಮಾಡಿಕೊಡು ಎಂದರು. ಹಗಲೆಲ್ಲ ಕೂತು ಮಾಡಿದೆ. ಒಯ್ದು ಸಾಲಾಗಿ ಜೋಡಿಸಿದ ದಿನ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಓಡಿ ಬಂದು ಕಾಲು ಮಡಚಿ ಕೂತವು. ಹೇಗೆ ಕೂರಬೇಕೆಂದು ಒಂದಕ್ಕೂ ಹೇಳಿಕೊಡಬೇಕಾಗಲಿಲ್ಲ. ಇವು ಮಕ್ಕಳಿಗೆ ಹಿಡಿಸಿದರೆ ಉಳಿದ ತರಗತಿಗಳಿಗೂ ಬೇಕು ಎಂದರು ಮುಖ್ಯೋಪಾಧ್ಯಾಯಿನಿ. ಮನೆಗೆ ಬಂದು ಅಣ್ಣನಿಗೆ ಹೇಳಿದೆ. ನೋಡೋಣ ಎಂದ. ಅವನ ಮುಖ ಸಣ್ಣದಾದದ್ದು ನೋಡಿ ನನಗೆ ಹೊಟ್ಟೆ ತುಂಬಿತು.

ಆ ವಾರವೇ ನಮ್ಮ ಪಕ್ಕದ ಮನೆಯ ಶಿರಸ್ತೇದಾರರು ತೀರಿಕೊಂಡರು. ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಭಾರಿ ಆಳು. ನೌಕರಿಯಲ್ಲಿದ್ದಾಗ ತಮ್ಮ ಮೇಜಿನ ಮುಂದೆ ಬಂದ ಯಾವ ರೈತನಿಗೂ ಕೂರು ಎಂದವರಲ್ಲ. ಬೆಳಗಿನ ಚಹಾ ಕುಡಿಯುತ್ತಿದ್ದವರು ಹಾಗೆಯೇ ವಾಲಿದರಂತೆ. ನಾನು ಪುಂಡಿ ಹಗ್ಗ ತರಲು ಚಿತ್ತಾಪುರಕ್ಕೆ ಮೊದಲ ಬಸ್ಸಿಗೇ ಹೋಗಿದ್ದೆ, ಇದ್ಯಾವುದೂ ಗೊತ್ತಿರಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೈ ತೊಳೆದು, ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ, ಗೋಡೆಗೆ ಆನಿಸಿ ಹಗ್ಗದಿಂದ ಕಟ್ಟುತ್ತೇವೆ. ದೇಹ ಸೆಟೆಯುವ ಮೊದಲೇ ಇದೆಲ್ಲ ಆಗಬೇಕು. ಹಾಗೆ ಕೂತವರ ಮುಂದೆ ಸಂಜೆಯವರೆಗೆ ಭಜನೆ. ಆಮೇಲೆ ಹೂವಿನ ವಿಮಾನದಲ್ಲಿ ಕೂರಿಸಿ ಮೆರವಣಿಗೆ, ಮಣ್ಣಿನಲ್ಲಿಯೂ ಕೂತಂತೆಯೇ ಇಡುವುದು. ಶಿರಸ್ತೇದಾರರ ಮಗಳು ಬೀದರದಿಂದ ಬರಬೇಕಿತ್ತು. ಅಷ್ಟು ಭಾರದ ದೇಹ ಗೋಡೆಯ ಗೂಟಕ್ಕೆ ನಿಲ್ಲದೆ ಪಕ್ಕಕ್ಕೆ ಜಾರುತ್ತಿತ್ತಂತೆ. ಅವರ ಮಕ್ಕಳು ಅಣ್ಣನ ಹತ್ತಿರ ಬಂದು, ಬಂದವರಿಗೆ ಕೂರಲು ಕುರ್ಚಿಗಳು ಬೇಕು, ಅಪ್ಪನಿಗೂ ಒಂದು ಬೇಕು ಎಂದರು.

ಅಣ್ಣ ವ್ಯಾಪಾರಸ್ಥ. ಹೆಣ ಕೂತ ಕುರ್ಚಿ ಒಂದು ತನ್ನ ರಾಶಿಯಲ್ಲಿ ಸೇರಿತು ಎಂದು ಗೊತ್ತಾದರೆ, ಯಾವುದು ಅದು ಎಂದು ಗುರುತಿಲ್ಲದೆ ಮದುವೆಯವರು ಇಡೀ ರಾಶಿಯನ್ನೇ ಬಿಡುತ್ತಾರೆ ಎಂದು ಅವನಿಗೆ ಕೂಡಲೇ ಹೊಳೆಯಿತು. ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ ಕಳಿಸಿದ. ಶಿರಸ್ತೇದಾರರಿಗೆಂದು ನನ್ನ ಶೆಡ್ಡಿಗೆ ಹೋದ, ಅದಕ್ಕೆ ಬೀಗ, ಬೀಗದ ಕೈ ನನ್ನ ಹತ್ತಿರ. ಆಗ ಪಡಸಾಲೆಗೆ ಬಂದು ಅವ್ವನ ರಟ್ಟೆ ಹಿಡಿದು ಎಬ್ಬಿಸಿದ. ಅವಳು ತೊಡೆಯ ಮೇಲಿನ ಮೊರ ಕೆಳಗಿಡುವವರೆಗೂ ಅವನು ಕಾಯಲಿಲ್ಲವಂತೆ.

ನಾನು ಚಿತ್ತಾಪುರದಿಂದ ಬಂದಾಗ ಬೇಳೆ ಪಡಸಾಲೆಯ ತುಂಬ ಚೆಲ್ಲಿತ್ತು, ಅವ್ವ ಕಂಬ ಹಿಡಿದು ನಿಂತಿದ್ದಳು. ಯಾಕೆ ನಿಂತಿದ್ದಿ ಎಂದು ಕೇಳಿದೆ. ಪಕ್ಕದ ಮನೆಯ ಕಡೆ ಕೈ ತೋರಿಸಿದಳು. ಹಗ್ಗದ ಹೊರೆ ಅಲ್ಲಿಯೇ ಎಸೆದು ಓಡಿದೆ.

ಅವರ ಅಂಗಳದಲ್ಲಿ ಜನ ತುಂಬಿದ್ದರು. ನಡುವೆ ನನ್ನ ಕುರ್ಚಿ, ಅದರಲ್ಲಿ ಶಿರಸ್ತೇದಾರರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಮಡಚಿದ ಎರಡೂ ಮೊಳಕಾಲು ಕಟಾಂಜನದ ಮೇಲೆ ಹೇಳಿ ಮಾಡಿಸಿದಂತೆ ಕೂತಿದ್ದವು. ಬೆನ್ನು ಎಷ್ಟು ಬೇಕೋ ಅಷ್ಟೇ ಹಿಂದಕ್ಕೆ ವಾಲಿತ್ತು, ತಲೆ ಅಲುಗುತ್ತಿರಲಿಲ್ಲ. ಆ ಕುರ್ಚಿಯಲ್ಲಿ ಅಷ್ಟು ಸರಿಯಾಗಿ ಕೂತವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಣ್ಣನ ಮೇಲೆ ಸಿಟ್ಟು ಉಕ್ಕಿತ್ತು, ಕಣ್ಣು ಮಾತ್ರ ಅವರ ತೊಡೆಗೂ ಪಟ್ಟಿಗೂ ನಡುವೆ ಎಷ್ಟು ಸಂದು ಉಳಿದಿದೆ ಎಂದು ನೋಡುತ್ತಿತ್ತು. ಕಸುಬು ಎಂಬುದು ಹಾಳು ಚಟ.

ಸತ್ತವರ ಮನೆಯಲ್ಲಿ ಜಗಳ ತೆಗೆಯುವ ಹಾಗಿಲ್ಲ. ಸಂಜೆಯವರೆಗೆ ಅಲ್ಲಿಯೇ ನಿಂತೆ, ಎತ್ತಿದ ಮೇಲೆ ಕುರ್ಚಿ ತೆಗೆದುಕೊಂಡು ಹೋಗಿ ತೊಳೆದು ಒಣಗಿಸೋಣ, ಅದರಲ್ಲಿ ಕೂತದ್ದು ಯಾರೆಂದು ಅವ್ವನಿಗೆ ಯಾರೂ ಹೇಳದಿದ್ದರಾಯಿತು ಎಂದುಕೊಂಡು. ಮಗಳು ಬಂದು ಅತ್ತಾಯಿತು, ವಿಮಾನ ಸಿದ್ಧವಾಯಿತು. ಆದರೆ ಅವರನ್ನು ಕುರ್ಚಿಯಿಂದ ಬಿಡಿಸಲು ಆಗಲಿಲ್ಲ. ದೇಹ ಸೆಟೆದಿತ್ತು, ಮೊಳಕಾಲು ಪಟ್ಟಿಗಳ ಮೇಲೆ ಬಿಗಿದಿದ್ದವು. ಎಳೆದರೆ ಎಲುಬು ಮುರಿಯುತ್ತದೆ ಎಂದು ಮಕ್ಕಳು ಹಿಂಜರಿದರು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಬಗ್ಗಿ ಕುರ್ಚಿಯ ಕೆಳಗೆಲ್ಲ ಕೈಯಾಡಿಸಿ, ಇದರಲ್ಲಿ ಕಬ್ಬಿಣ ಏನಾದರೂ ಇದೆಯೇ ಎಂದು ಕೇಳಿದರು. ಅಣ್ಣ ನನ್ನ ಕಡೆ ನೋಡಿದ. ಎಲ್ಲರೂ ನೋಡಿದರು.

ಹೆಣದ ಜೊತೆ ಕಬ್ಬಿಣ ಹೂಳುವುದಿಲ್ಲ, ಇದೆ ಎಂದಿದ್ದರೆ ಕುರ್ಚಿ ಉಳಿಯುತ್ತಿತ್ತು. ಆದರೆ ಅಷ್ಟು ಜನ ಒಟ್ಟಿಗೆ ನನ್ನ ಕುರ್ಚಿಯ ಬಗ್ಗೆ ಕೇಳಿದ್ದು ಅದೇ ಮೊದಲು. ಸ್ಪರ್ಧೆಗಳಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು ತಾನಾಗಿ ಬಂದುಬಿಟ್ಟಿತು.

"ಒಂದು ಮೊಳಿ ಸೈತ ಇಲ್ಲರಿ. ತೊಗರಿ ಕಟಗಿ, ಪುಂಡಿ ಹಗ್ಗ, ಹುಣಸಿ ಬೀಜದ ಅಂಟು, ಅಷ್ಟ. ಮಣ್ಣಾಗ ಇಟ್ಟರ ಒಂದು ಮಳೆಗಾಲದಾಗ ಮಣ್ಣಾಗಿ ಹೋಗತದ."

"ಹಂಗಾದ್ರ ಇಳಸೋದ್ಯಾಕ," ಎಂದರು ಅಯ್ಯನವರು. "ಕುರ್ಚಿ ಸಮೇತ ಹೋಗಲಿ."

ಅಂಗಳದಲ್ಲಿ ಒಂದು ಒಪ್ಪಿಗೆಯ ಸದ್ದು ಎದ್ದಿತು. ಎಂಥ ಪುಣ್ಯ ಎಂದರು ಹೆಂಗಸರು. ಕೋಲೂರಿ ನಿಂತಿದ್ದ ಒಬ್ಬ ಮುದುಕ ಹತ್ತಿರ ಬಂದು ಕುರ್ಚಿಯ ಬೆನ್ನನ್ನು ತಟ್ಟಿ ನೋಡಿ, ತನಗೂ ಇಂಥದ್ದೇ ಬೇಕು ಎಂದು ಮಗನಿಗೆ ಹೇಳಿದ. ಮಗ ಅಲ್ಲಿಯೇ ನನ್ನ ನಂಬರು ಕೇಳಿ ಬರೆದುಕೊಂಡ. ನನ್ನ ಕಣ್ಣ ಮುಂದೆ ಅವ್ವನ ಕುರ್ಚಿ ಹೂವಿನ ವಿಮಾನ ಹತ್ತಿ, ಬಾಜಾ ಭಜಂತ್ರಿಯೊಂದಿಗೆ ಬೀದಿಯ ತಿರುವು ದಾಟಿತು.

ಊರ ಬಾಯಿ ಮುಚ್ಚಲು ಯಾವ ಮುಚ್ಚಳವಿದೆ? ಎರಡು ದಿನದಲ್ಲಿ ಸುದ್ದಿ ಚಿಂಚೋಳಿ ರಸ್ತೆಯ ಶಾಲೆ ಮುಟ್ಟಿತು. ಒಂದು ಮಗುವಿನ ಅಜ್ಜಿ ತರಗತಿಗೆ ನುಗ್ಗಿ, ಕುರ್ಚಿಯಲ್ಲಿ ಕೂತು ಅಕ್ಷರ ತಿದ್ದುತ್ತಿದ್ದ ಮಗುವಿನ ತೋಳು ಹಿಡಿದು ಎತ್ತಿ, ಕೆನ್ನೆಗೆ ಹೊಡೆದು, ಬಾವಿಕಟ್ಟೆಗೆ ಒಯ್ದು ತಲೆಯ ಮೇಲೆ ನೀರು ಸುರಿದಳಂತೆ. ಹೆಣದ ಕುರ್ಚಿಯಲ್ಲಿ ಮಕ್ಕಳನ್ನು ಕೂರಿಸುತ್ತಾರೆಂದು ಉಳಿದ ತಾಯಂದಿರೂ ಬಂದರು. ಮುಖ್ಯೋಪಾಧ್ಯಾಯಿನಿ ಏನು ಮಾಡಿಯಾರು? ಮರುದಿನ ಟಂಟಂ ಗಾಡಿಯೊಂದು ಚಿಕ್ಕ ಕುರ್ಚಿಗಳನ್ನೆಲ್ಲ ತಂದು ನಮ್ಮ ಬಾಗಿಲ ಮುಂದೆ ಇಳಿಸಿ ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಓಣಿಯ ಮಕ್ಕಳು ದೂರ ನಿಂತು ನೋಡಿದವು, ಒಂದೂ ಹತ್ತಿರ ಬರಲಿಲ್ಲ.

ಅಣ್ಣನ ಮುಂದೆ ಹೋಗಿ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ತಾಯಿಯನ್ನು ಎಬ್ಬಿಸಿ ಹೆಣವನ್ನು ಕೂರಿಸಿದವನು ಎಂದೆ. ಅವನಿಗೆ ಸಿಟ್ಟೇ ಬರಲಿಲ್ಲ, ಸಿಟ್ಟು ಬರಲು ಅವನಿಗೆ ಪುರುಸೊತ್ತಿರಲಿಲ್ಲ. ಮಳಖೇಡದಿಂದ ಒಬ್ಬರು, ಕಾಳಗಿಯಿಂದ ಒಬ್ಬರು ಅದಾಗಲೇ ಅವನ ಅಂಗಡಿಗೆ ಬಂದು ಆ ಕುರ್ಚಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಹೋಗಿದ್ದರು.

"ನಾ ಹೇಳಿದ್ನಲ್ಲ, ಮಂದಿ ಕುಂತರ ಕುರ್ಚಿ ಅಂತ," ಎಂದ. "ಈಗ ಕುಂದ್ರಾಕತ್ತಾರ. ಸತ್ತಾರೋ ಇದ್ದಾರೋ, ನಿನಗ್ಯಾಕ ಬೇಕದು?"

ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ನೋಡಿದ್ದೆ, ಬೆಂಕಿ ಹಚ್ಚಿ ಗಳ ಹಿರಿಯುವವನನ್ನು ಅಂದು ನೋಡಿದೆ. ಅವನು ತನ್ನ ಅಂಗಡಿಯ ಹಿಂಬದಿಗೆ ನನ್ನ ಕುರ್ಚಿಗಳಿಗೆ ಬೇರೆ ಜಾಗ ಮಾಡಿದ. ಮದುವೆಯವರು ಮುಂದಿನ ಬಾಗಿಲಿಂದ, ಸಾವಿನವರು ಹಿಂದಿನ ಬಾಗಿಲಿಂದ. ಲಗ್ನಸರಾಯಿ ಬಂದು ಹೋಯಿತು, ಹೊಸ ಪ್ಲಾಸ್ಟಿಕ್ ಕುರ್ಚಿಗಳಿಗೆ ಅವನು ಬೇರೆ ಗೋದಾಮು ಹಿಡಿದ. ಶಹಾಬಾದಿನವರ ಹೆಸರು ಮತ್ತೆ ಎತ್ತಲಿಲ್ಲ. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಹಾಕಿಕೋ ಎನ್ನುವುದನ್ನೂ ಬಿಟ್ಟ, ಈಗ ವೈನಿಯೇ ತಾನಾಗಿ ಹಾಕುತ್ತಾಳೆ.

ನಾನು ಮಾಡುವುದಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಆ ಮನೆಗೆ ಮರಳುವುದಕ್ಕಿಂತ ಸತ್ತವರ ಸೇವೆ ಮೇಲು ಎನಿಸಿತು, ಇಂದಿಗೂ ಹಾಗೆಯೇ ಅನಿಸುತ್ತದೆ. ಮಾಡುತ್ತ ಮಾಡುತ್ತ ಕುರ್ಚಿಯನ್ನು ತಿದ್ದಿದೆ ಕೂಡ. ಹೊರುವವರಿಗೆ ಹಿಡಿಯಲು ಅನುಕೂಲವಾಗಲೆಂದು ಹಿಂದೆ ಮುಂದೆ ಹಗ್ಗದ ಕುಣಿಕೆ ಇಟ್ಟೆ. ತಲೆ ವಾಲದಂತೆ ಬೆನ್ನಿನ ಮೇಲ್ಭಾಗವನ್ನು ಒಳಕ್ಕೆ ಬಗ್ಗಿಸಿದೆ. ಕಲಬುರಗಿಯ ಒಂದು ಪ್ರದರ್ಶನದಲ್ಲಿ ಕುರ್ಚಿಯನ್ನು ಬಹಳ ಮೆಚ್ಚಿದರು. ಇದನ್ನು ಬಳಸಿದವರು ಏನನ್ನುತ್ತಾರೆ ಎಂದು ಒಬ್ಬರು ಕೇಳಿದರು. ಈವರೆಗೆ ಯಾರಿಂದಲೂ ದೂರು ಬಂದಿಲ್ಲ ಎಂದೆ. ಅವರು ಅದನ್ನು ಬರೆದುಕೊಂಡರು.

ಶಾಲೆಯಿಂದ ಮರಳಿದ ಚಿಕ್ಕ ಕುರ್ಚಿಗಳು ಶೆಡ್ಡಿನ ಮೂಲೆಯಲ್ಲಿ ಒಂದರ ಮೇಲೊಂದು ಇದ್ದವು. ಒಲೆಗೆ ಹಾಕೋಣವೆಂದರೆ ಕೈ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ವಾಡಿ ಕಡೆಯ ಒಬ್ಬ ಗಂಡಸು ಬಂದು ಬಾಗಿಲಲ್ಲಿ ನಿಂತ. ಚಿಕ್ಕ ವಯಸ್ಸಿನವನು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ದೊಡ್ಡ ಕುರ್ಚಿಗಳ ಕಡೆ ನೋಡಲೇ ಇಲ್ಲ. ಸಣ್ಣವೂ ಮಾಡುತ್ತೀರೇನು ಎಂದು ಕೇಳಿದ. ನಾನು ಮೂಲೆಗೆ ಹೋಗಿ ಒಂದನ್ನು ತೆಗೆದು, ಧೂಳು ಒರೆಸಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು ಹೋದ. ಎಲ್ಲರನ್ನೂ ನೋಡಿ ನಗುವ ನಾನು ಅವನ ಮುಖ ನೋಡಲಿಲ್ಲ. ಉಳಿದವನ್ನು ಅಂದೇ ಸಂಜೆ ಒಲೆಗೆ ಹಾಕಿದೆ.

ಅವ್ವನಿಗೆಂದು ಹೊಸ ಕುರ್ಚಿಯನ್ನು ನಾನು ಶಿರಸ್ತೇದಾರರನ್ನು ಮಣ್ಣು ಮಾಡಿದ ವಾರದಲ್ಲೇ ಮುಗಿಸಿದ್ದೆ. ಹಳೆಯದಕ್ಕಿಂತ ಚೆನ್ನಾಗಿತ್ತು. ತಂದು ಅದೇ ಜಾಗದಲ್ಲಿ ಇಟ್ಟೆ. ಈಗ ಬೇಡ, ಆಮೇಲೆ ಕೂರುತ್ತೇನೆ ಎಂದಳು. ಮರುದಿನ ಸ್ನಾನ ಆಗಿಲ್ಲ ಎಂದಳು. ಇನ್ನೊಂದು ದಿನ ಸೋಮವಾರ ಎಂದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು, ಊದಿದ ಪಾದಗಳನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಸಿಟ್ಟು ಬಂತು. ಊರವರು ಏನಾದರೂ ಅನ್ನಲಿ, ನೀನೂ ಅವರ ಹಾಗೆಯೇ ಏನು, ನಿನಗಾಗಿಯೇ ಇದನ್ನು ಮಾಡಿದ್ದಲ್ಲವೇ ಎಂದು ಕೂಗಾಡಿದೆ. ನಾನೇ ಹೋಗಿ ಕುರ್ಚಿಯಲ್ಲಿ ಕಾಲು ಮಡಚಿ ಕೂತೆ, ನೋಡು, ಏನಾಗುತ್ತದೆ ಎಂದೆ. ವೈನಿ ಒಳಗಿನಿಂದ ನೋಡಿ ಬಾಯಿ ಮುಚ್ಚಿಕೊಂಡಳು. ಅವ್ವ ಗೋಡೆ ಹಿಡಿದು ಎದ್ದು ಬಂದು, ನನ್ನ ಎರಡೂ ರಟ್ಟೆ ಹಿಡಿದು, ಸೊಂಟದ ನೋವಿನಲ್ಲೂ ನನ್ನನ್ನು ಎಳೆದು ಎಬ್ಬಿಸಿದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ದೃಷ್ಟಿ ನಿವಾಳಿಸಿ ಬೆರಳು ಲಟಿಕೆ ಮುರಿದಳು. ಅಂದೇ ಆ ಕುರ್ಚಿಯನ್ನು ಅಣ್ಣ ಹಿಂಬಾಗಿಲಿಗೆ ಸಾಗಿಸಿದ. ವಾರ ತುಂಬುವುದರೊಳಗೆ ಯಾರೋ ಒಯ್ದರು.

ಮೊನ್ನೆ ಮೊನ್ನೆ, ಈ ಸಲದ ತೊಗರಿ ರಾಶಿ ಮುಗಿದ ಮೇಲೆ, ಹೊಸ ಕಟ್ಟಿಗೆ ಶೆಡ್ಡಿಗೆ ಬಂದು ಬೀಳುತ್ತಿದ್ದಾಗ ಅವ್ವ ಪಡಸಾಲೆಯಿಂದ ನನ್ನನ್ನು ಕರೆದಳು. ಅಳತೆಯ ಟೇಪು ತಗೊಂಡು ಬಾ, ನನಗೊಂದು ಕುರ್ಚಿ ಮಾಡು ಎಂದಳು. ನಾನು ಓಡಿದೆ. ಕಡೆಗೂ ಮನಸ್ಸು ಬದಲಾಯಿತಲ್ಲ, ಬದುಕಿರುವ ಒಬ್ಬರಾದರೂ ಕೂರುತ್ತಾರಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂದಿತ್ತು. ನಿನ್ನ ಅಳತೆ ನನ್ನ ಹತ್ತಿರ ಇದೆ, ಮತ್ತೆ ಬೇಕಾಗಿಲ್ಲ ಎಂದೆ.

"ಅದು ನಾ ಕುಂದ್ರೋ ಅಳತಿ," ಎಂದಳು ಅವ್ವ. "ಇದು ನನ್ನ ಕುಂದ್ರಸೋ ಅಳತಿ. ಜರಾ ಅಗಲ ಮಾಡು, ಅವರು ಹಗ್ಗ ಭಾಳ ಬಿಗೀತಾರ. ಮಾಡಿ ಅಟ್ಟದ ಮ್ಯಾಲ ಇಟ್ಟುಬಿಡು. ಇಲ್ಲಂದ್ರ ನಿಮ್ಮಣ್ಣ ಅಂಗಡ್ಯಾಗಿಂದು ಯಾವುದರೆ ಒಂದು ತಂದು ಕೊಟ್ಟಾನು."

ಅವಳ ಮುಂದೆ ನೆಲಕ್ಕೆ ಕೂತು ಟೇಪು ಬಿಚ್ಚಿದೆ. ಸೊಂಟ ಹಿಡಿದೆ, ತೊಡೆ ಹಿಡಿದೆ, ಬೆನ್ನಿನಿಂದ ಕತ್ತಿನವರೆಗೆ ಹಿಡಿದೆ. ಮೊಳಕಾಲಿನ ಅಳತೆಗೆ ಕಾಲು ಮಡಚಬೇಕಿತ್ತು, ಮಡಚಲು ಜಾಗವಿರಲಿಲ್ಲ, ಆದ್ದರಿಂದ ಅಂದಾಜಿನಲ್ಲಿ ಬರೆದುಕೊಂಡೆ. ಅಷ್ಟು ಹೊತ್ತೂ ಅವ್ವ ಅಣ್ಣನ ಪ್ಲಾಸ್ಟಿಕ್ ಕುರ್ಚಿಯಲ್ಲಿಯೇ ಕೂತಿದ್ದಳು.